ಬೆಲ್ಲದ ಬಣ್ಣ ಮತ್ತು ಗ್ರಾಹಕರ ಪರಿಸರ ಪ್ರಜ್ಞೆ

(ಕಬ್ಬು ಬೆಳೆಗಾರರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ರಾಸಾಯನಿಕ ಹಾಕದೆ ಬೆಲ್ಲ ತೆಗೆಯುವ ಆಲೆಮನೆಯವರ ದೂರು ಸಾಮಾನ್ಯವಾಗಿ ಒಂದೇ ಆಗಿರುತ್ತದೆ. ಪಟ್ಟಣದ ಜನ ವಿಷವಿಲ್ಲದ ಆಹಾರ ಬೇಕು, ನೆಲ ಜಲ ಕೆಡಬಾರದು ಎಂದು ಹೇಳುತ್ತಾರೆ. ಅಂಗಡಿಯ ಮುಂದೆ ನಿಂತಾಗ ಮಾತ್ರ ಅವರ ಕೈ ಹೋಗುವುದು ಹೊಂಬಣ್ಣದ, ಬಿಳಿಚಿಕೊಂಡ ಅಚ್ಚಿನ ಕಡೆಗೆ. ಪಕ್ಕದಲ್ಲಿರುವ ಕಂದು ಬೆಲ್ಲವನ್ನು ಮುಟ್ಟಿ ನೋಡಿ "ಇದೇಕೆ ಹೀಗಿದೆ, ಹಳೆಯದೇ?" ಎಂದು ಕೇಳಿ ಕೆಳಗಿಡುತ್ತಾರೆ. ಮಂಡಿಯಲ್ಲಿಯೂ ವರ್ತಕರು ಬೆಲೆ ಕೂಗುವುದು ಬಣ್ಣ ನೋಡಿಯೇ. ಇದರಿಂದಾಗಿ ಶುದ್ಧವಾಗಿ ಮಾಡಿದವನಿಗೆ ಕಡಿಮೆ ಬೆಲೆ, ಬಣ್ಣ ಬಿಳಿಚಿಸಿದವನಿಗೆ ಹೆಚ್ಚು ಬೆಲೆ ಎಂಬ ವಿಪರೀತ ಸ್ಥಿತಿ ಉಂಟಾಗಿದೆ.

ಇದಕ್ಕೆ ಗ್ರಾಹಕನನ್ನು ಕಪಟಿ ಎಂದು ಕರೆದರೆ ಬೆಲ್ಲ ಮಾರಾಟವಾಗುವುದಿಲ್ಲ. ಅವನು ಹೇಳುವುದಕ್ಕೂ ಕೊಳ್ಳುವುದಕ್ಕೂ ನಡುವೆ ಇರುವ ಅಂತರಕ್ಕೆ ಕಾರಣಗಳಿವೆ. ಆ ಕಾರಣಗಳನ್ನು ಅರಿತವನು ಮಾತ್ರ ಪರಿಸರ ಸ್ನೇಹಿ ಪದಾರ್ಥವನ್ನು ಮಾರಬಲ್ಲನು.

ಮೊದಲನೆಯ ಕಾರಣ ಕಣ್ಣಿನ ಅಭ್ಯಾಸ. ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೆ ಮನೆಯ ಹೆಂಗಸರು ಚೊಕ್ಕವಾಗಿ ತುಂಡಾಗುವ, ಕೊಬ್ಬರಿಯ ಪಕ್ಕದಲ್ಲಿ ಒಪ್ಪವಾಗಿ ಕಾಣುವ ತಿಳಿ ಬಣ್ಣದ ಬೆಲ್ಲವನ್ನೇ ಹುಡುಕುತ್ತಾರೆ. ತಿಳಿ ಬಣ್ಣವೆಂದರೆ ಶುದ್ಧ ಎಂಬ ಭಾವನೆ ತಲೆಮಾರುಗಳಿಂದ ಬಂದುದು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಒಳ್ಳೆಯ ತಳಿಯ, ಹದವಾಗಿ ಬಲಿತ ಕಬ್ಬನ್ನು ಕಡಿದ ದಿನವೇ ಅರೆದು, ಮಡ್ಡಿಯನ್ನು ಚೆನ್ನಾಗಿ ತೆಗೆದರೆ ಬೆಲ್ಲ ತಾನಾಗಿಯೇ ಹೊಂಬಣ್ಣಕ್ಕೆ ಬರುತ್ತದೆ. ಸಾರಜನಕ ಗೊಬ್ಬರವನ್ನು ಅತಿಯಾಗಿ ಕೊಟ್ಟ ಕಬ್ಬು, ಚೌಳು ನೆಲದ ಕಬ್ಬು, ಕಡಿದು ಎರಡು ಮೂರು ದಿನ ಒಣಗಿದ ಕಬ್ಬು ಇವುಗಳ ಬೆಲ್ಲ ಕಪ್ಪಾಗುತ್ತದೆ, ಬೇಗ ನೀರೊಡೆಯುತ್ತದೆ. ಈ ದೋಷವನ್ನು ಮುಚ್ಚಲು ಹೊರಟವರು ಹಿಡಿದ ಅಡ್ಡದಾರಿಯೇ ಹೈಡ್ರೋಸ್.

ಹೈಡ್ರೋಸ್ ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಇದು ಬಟ್ಟೆಗೆ ಬಣ್ಣ ಹಾಕುವ ಮತ್ತು ಬಣ್ಣ ತೆಗೆಯುವ ಕೆಲಸದಲ್ಲಿ ಬಳಸುವ ಪುಡಿ. ಕುದಿಯುವ ಪಾಕಕ್ಕೆ ಹಾಕಿದೊಡನೆ ಬಣ್ಣ ತಿಳಿಯಾಗುತ್ತದೆ, ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಇಂತಿಷ್ಟಕ್ಕಿಂತ ಹೆಚ್ಚಿರಬಾರದೆಂದು ಆಹಾರ ಸುರಕ್ಷತಾ ನಿಯಮಗಳು ಮಿತಿ ಹಾಕಿವೆ. ಆದರೆ ಕೈಯಂದಾಜಿನಲ್ಲಿ ಪುಡಿ ಸುರಿಯುವ ಆಲೆಮನೆಯಲ್ಲಿ ಮಿತಿಯ ಮಾತೆಲ್ಲಿ? ಇನ್ನೊಂದು ಸಂಗತಿಯನ್ನು ವಿಸ್ತರಣಾ ಕಾರ್ಯಕರ್ತರು ಗ್ರಾಹಕರಿಗೆ ತಪ್ಪದೆ ಹೇಳಬೇಕು. ಹೈಡ್ರೋಸ್ ಕೊಟ್ಟ ಬಣ್ಣ ನಿಲ್ಲುವ ಬಣ್ಣವಲ್ಲ. ದಾಸ್ತಾನಿನಲ್ಲಿ ಕೆಲವು ವಾರ ಕಳೆಯುತ್ತಲೇ ಅಂಥ ಬೆಲ್ಲ ಮತ್ತೆ ಕಪ್ಪಿಡುತ್ತದೆ. ಬೆಳ್ಳಗಿರುವುದೆಲ್ಲಾ ಹಾಲಲ್ಲ ಎಂಬ ಗಾದೆ ಬೆಲ್ಲಕ್ಕೂ ಸಲ್ಲುತ್ತದೆ.

ಹಾಗೆಂದು ಕಪ್ಪಗಿರುವುದೆಲ್ಲಾ ಸಾವಯವವೂ ಅಲ್ಲ. ಈಚಿನ ವರ್ಷಗಳಲ್ಲಿ ಕಂದು ಬೆಲ್ಲವೇ ಒಳ್ಳೆಯದೆಂಬ ಮಾತು ಪಟ್ಟಣಗಳಲ್ಲಿ ಹಬ್ಬಿದೆ. ಹೊತ್ತಿಸಿದ ಪಾಕದ ಬೆಲ್ಲ, ಸಕ್ಕರೆ ಬೆರೆಸಿದ ಬೆಲ್ಲ, ಕೊಳೆತ ಕಬ್ಬಿನ ಬೆಲ್ಲ ಇವೂ ಈಗ "ಸಾವಯವ" ಎಂಬ ಚೀಟಿ ಹಚ್ಚಿಕೊಂಡು ಬರಲು ಅವಕಾಶವಾಗಿದೆ. ಒಮ್ಮೆ ಮೋಸಹೋದ ಗ್ರಾಹಕ ಮುಂದೆ ನಿಜವಾದ ಸಾವಯವ ಬೆಲ್ಲವನ್ನೂ ನಂಬುವುದಿಲ್ಲ. ಅಂತರಕ್ಕೆ ಎರಡನೆಯ ಕಾರಣವಾದ ಈ ಸಂಶಯವೇ ಬೆಲೆಗಿಂತ ದೊಡ್ಡ ಅಡ್ಡಿ. ಹೆಚ್ಚು ಹಣ ಕೊಡಲು ಸಿದ್ಧನಿರುವವನೂ "ಇದು ನಿಜವೆಂದು ಹೇಗೆ ನಂಬುವುದು?" ಎಂದು ಹಿಂಜರಿಯುತ್ತಾನೆ.

ಆದ್ದರಿಂದ ಪದಗಳನ್ನು ಬಳಸುವಾಗ ರೈತರು ಬಹಳ ಎಚ್ಚರದಿಂದಿರಬೇಕು. ರಾಸಾಯನಿಕರಹಿತ ಬೆಲ್ಲ ಬೇರೆ, ಸಾವಯವ ಬೆಲ್ಲ ಬೇರೆ. ಆಲೆಮನೆಯಲ್ಲಿ ಹೈಡ್ರೋಸ್ ಹಾಕದೆ, ಬೆಂಡೆ ಗಿಡದ ಕಾಂಡ ಬೇರುಗಳನ್ನು ಜಜ್ಜಿ ತೆಗೆದ ಲೋಳೆಯಿಂದ ಮಡ್ಡಿ ತೆಗೆದು, ಸುಣ್ಣವನ್ನು ಹಿತಮಿತವಾಗಿ ಬಳಸಿ ಮಾಡಿದ್ದು ಮೊದಲನೆಯದು. ಕಬ್ಬನ್ನೇ ರಾಸಾಯನಿಕ ಗೊಬ್ಬರ, ಕಳೆನಾಶಕ, ಕೀಟನಾಶಕಗಳಿಲ್ಲದೆ ಬೆಳೆದು, ಭೂಮಿಯ ಪರಿವರ್ತನೆಯ ಅವಧಿಯಾದ 2ರಿಂದ 3 ವರ್ಷ ದಾಟಿ, ಪ್ರಮಾಣಪತ್ರ ಪಡೆದದ್ದು ಎರಡನೆಯದು. ಯೂರಿಯಾ ಹಾಕಿ ಬೆಳೆದ ಕಬ್ಬಿನ ಬೆಲ್ಲವನ್ನು ಹೈಡ್ರೋಸ್ ಹಾಕಿಲ್ಲವೆಂಬ ಒಂದೇ ಕಾರಣಕ್ಕೆ ಸಾವಯವವೆಂದು ಮಾರುವುದು ಸರಿಯಲ್ಲ. "ಹೈಡ್ರೋಸ್ ಹಾಕದ ಬೆಲ್ಲ" ಎಂದೇ ಬರೆದರೆ ಅದು ಸತ್ಯವೂ ಹೌದು, ಕೊಳ್ಳುವವನಿಗೆ ಅರ್ಥವೂ ಆಗುತ್ತದೆ.

ಇದು ಕೇವಲ ನೀತಿಯ ಪ್ರಶ್ನೆಯಲ್ಲ. ಪರಿಸರದ ಹೆಸರಿನಲ್ಲಿ ದಾರಿತಪ್ಪಿಸುವ ಹೇಳಿಕೆಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. "ಹಸಿರು", "ಪರಿಸರ ಸ್ನೇಹಿ", "ನೈಸರ್ಗಿಕ" ಮುಂತಾದ ಮಾತುಗಳಿಗೆ ಆಧಾರ ಕೊಡಬೇಕೆಂಬುದು ಅದರ ತಿರುಳು. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಬರಿಯ ಬಣ್ಣದ ಗುರುತನ್ನು ನಂಬಿ ಜನ ಎಡವುವುದಕ್ಕೆ ರೈತರ ಮನೆಯಲ್ಲಿಯೇ ಉದಾಹರಣೆಯಿದೆ. ಕೀಟನಾಶಕದ ಡಬ್ಬಿಯ ಮೇಲಿನ ಹಸಿರು ತ್ರಿಕೋನ ಕಂಡು ಅದು ನಿರಪಾಯಕಾರಿ ಎಂದು ತಿಳಿಯುವವರಿದ್ದಾರೆ. ಅದರ ಅರ್ಥ ಕೆಂಪು, ಹಳದಿ, ನೀಲಿಗಿಂತ ವಿಷ ಕಡಿಮೆ ಎಂದಷ್ಟೇ, ವಿಷವಿಲ್ಲವೆಂದಲ್ಲ.

ಸರ್ಕಾರದ ಮುದ್ರೆಯೊಂದಿದ್ದರೆ ಸಾಕೆ? ಅದೂ ಸಾಲದೆಂದು ಅನುಭವ ಹೇಳುತ್ತದೆ. ಭಾರತ ಸರ್ಕಾರವು 1991ರಲ್ಲಿಯೇ ಪರಿಸರ ಸ್ನೇಹಿ ವಸ್ತುಗಳಿಗೆ ಮಣ್ಣಿನ ಗಡಿಗೆಯ ಚಿತ್ರವಿರುವ ಇಕೋಮಾರ್ಕ್ ಗುರುತನ್ನು ತಂದಿತು. ಪಡೆದ ತಯಾರಕರು ಬೆರಳೆಣಿಕೆಯಷ್ಟು, ಗುರುತಿಸುವ ಗ್ರಾಹಕರು ಅದಕ್ಕಿಂತ ಅಪರೂಪ. 2024ರಲ್ಲಿ ಹೊಸ ಇಕೋಮಾರ್ಕ್ ನಿಯಮಗಳನ್ನು ಹೊರಡಿಸಬೇಕಾಯಿತು. ಸಾವಯವ ಆಹಾರಕ್ಕೆ 2017ರ ನಿಯಮಗಳಡಿ ಬಂದ ಜೈವಿಕ್ ಭಾರತ್ ಮುದ್ರೆಯ ಸ್ಥಿತಿ ಇದಕ್ಕಿಂತ ಮೇಲು. ಮುದ್ರೆ ಇದ್ದರೆ ದೊಡ್ಡ ಅಂಗಡಿಗಳ ಬಾಗಿಲು ತೆರೆಯುತ್ತದೆ. ಸಣ್ಣ ರೈತನು ತಾನು ಬೆಳೆದುದನ್ನು ನೇರವಾಗಿ ಬಳಕೆದಾರನಿಗೆ ಮಾರುವಾಗ ಪ್ರಮಾಣೀಕರಣದಿಂದ ವಿನಾಯಿತಿ ಉಂಟು, ಆದರೆ ಆಗ ಆ ಮುದ್ರೆಯನ್ನು ಹಾಕುವಂತಿಲ್ಲ.

ಗ್ರಾಹಕನ ಮನಸ್ಸಿನ ಬಗ್ಗೆ ಇನ್ನೊಂದು ಮಾತು. ಸಾವಯವ ಪದಾರ್ಥ ಕೊಳ್ಳುವವರಲ್ಲಿ ಬಹುಮಂದಿ ಮೊದಲು ನೋಡುವುದು ತಮ್ಮ ಮಕ್ಕಳ ಹೊಟ್ಟೆಯನ್ನು, ಆಮೇಲೆ ಭೂಮಿಯನ್ನು. ಇದರಲ್ಲಿ ತಪ್ಪೇನೂ ಇಲ್ಲ. ಮಾರುವವನು ಮಾತು ಆರಂಭಿಸಬೇಕಾದದ್ದು ಅಲ್ಲಿಂದಲೇ. ಅಂತರ್ಜಲ, ಎರೆಹುಳು, ರವದಿ ಮುಚ್ಚಿಗೆ ಮುಂತಾದ ವಿಷಯಗಳು ಎರಡನೆಯ ಭೇಟಿಗೆ ಇರಲಿ. ಆದರೆ ಬೆಲ್ಲ ತಿಂದರೆ ರೋಗ ವಾಸಿಯಾಗುತ್ತದೆ, ಸಕ್ಕರೆ ಕಾಯಿಲೆಯವರೂ ತಿನ್ನಬಹುದು ಎಂದೆಲ್ಲಾ ಹೇಳಕೂಡದು. ಬೆಲ್ಲವೂ ಸಿಹಿಯೇ. ಸುಳ್ಳು ಹೇಳಿ ಮಾರಿದ ಹಸಿರು ಪದಾರ್ಥ ಒಂದು ಹಂಗಾಮು ಮಾತ್ರ ನಡೆಯುತ್ತದೆ.

ಹೇಳುವುದಕ್ಕಿಂತ ತೋರಿಸುವುದು ಮೇಲು. ಗ್ರಾಹಕರನ್ನು ಆಲೆಮನೆಗೆ ಕರೆಯಬೇಕು. ಗಾಣದಿಂದ ಹಾಲು ಬೀಳುವುದು, ಲೋಳೆ ಹಾಕಿದೊಡನೆ ಮಡ್ಡಿ ಮೇಲೇರುವುದು, ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗೆ ಬಂದು ಹದಗೊಳ್ಳುವುದು ಇವನ್ನು ಕಣ್ಣಾರೆ ಕಂಡವರಿಗೆ ಕಂದು ಬಣ್ಣದ ಬಗ್ಗೆ ವಿವರಣೆ ಬೇಕಿಲ್ಲ. ಆದರೆ ಕರೆಯುವ ಮುನ್ನ ಒಲೆಯ ಬಾಯಿಯನ್ನೊಮ್ಮೆ ನೋಡಿಕೊಳ್ಳಬೇಕು. ಹಳೆಯ ಟೈರು, ಪ್ಲಾಸ್ಟಿಕ್ ಕಸ ಉರಿಸುವ ಆಲೆಮನೆಯಲ್ಲಿ ಹೈಡ್ರೋಸ್ ಹಾಕದಿದ್ದರೂ ಪರಿಸರ ಸ್ನೇಹಿ ಎಂಬ ಮಾತಿಗೆ ಅರ್ಥವಿಲ್ಲ. ಕಪ್ಪು ಹೊಗೆ ಊರಿಗೆಲ್ಲ ಕಾಣುತ್ತದೆ. ಒಣಗಿಸಿದ ಕಬ್ಬಿನ ಸಿಪ್ಪೆಯಿಂದಲೇ ಉರಿ ನಡೆಸುವಂತೆ ಒಲೆಯನ್ನು ಸರಿಪಡಿಸಿಕೊಂಡು ಆಮೇಲೆ ಅತಿಥಿಗಳನ್ನು ಕರೆಯುವುದು ಲೇಸು. ಕೊಡುವ ಚೀಲದ ವಿಷಯವೂ ಹೀಗೆಯೇ. ತೆಳು ಪ್ಲಾಸ್ಟಿಕ್ ಕೈಚೀಲದಲ್ಲಿ ಸಾವಯವ ಬೆಲ್ಲ ಕೊಟ್ಟರೆ ಗ್ರಾಹಕ ಬಾಯಿಬಿಟ್ಟು ಹೇಳದಿದ್ದರೂ ಗಮನಿಸುತ್ತಾನೆ.

ಇನ್ನು ಮೂರನೆಯ ಕಾರಣವಾದ ಬೆಲೆಯ ಲೆಕ್ಕ. ಕಿಲೋಗೆ 20 ರೂಪಾಯಿ ಹೆಚ್ಚು ಎಂದರೆ ಗ್ರಾಹಕ ಬೆಚ್ಚುತ್ತಾನೆ. ಒಂದು ಸಂಸಾರ ತಿಂಗಳಿಗೆ 2 ಕಿಲೋ ಬೆಲ್ಲ ಬಳಸುತ್ತದೆಂದು ಇಟ್ಟುಕೊಂಡರೆ ಹೆಚ್ಚುವರಿ ಖರ್ಚು ತಿಂಗಳಿಗೆ 40 ರೂಪಾಯಿ. ಹೀಗೆ ತಿಂಗಳ ಲೆಕ್ಕದಲ್ಲಿ ಹೇಳಿದರೆ ಮಾತು ಮುಂದುವರಿಯುತ್ತದೆ.

ರೈತನೂ ತನ್ನ ಕಡೆಯ ಲೆಕ್ಕ ಹಾಕಿಕೊಳ್ಳಬೇಕು. ಎಕರೆಗೆ 40 ಟನ್ ಕಬ್ಬು, ನೂರಕ್ಕೆ 10ರಂತೆ ಬೆಲ್ಲ ಎಂದರೆ 4,000 ಕಿಲೋ ಆಯಿತು. ಮೇಲಿನ ಸಂಸಾರದ ವರ್ಷದ ಬಳಕೆ 24 ಕಿಲೋ. ಅಂದರೆ ಒಂದೇ ಎಕರೆಯ ಬೆಲ್ಲ ಖರ್ಚಾಗಲು ವರ್ಷವಿಡೀ ತಪ್ಪದೆ ಕೊಳ್ಳುವ ಸುಮಾರು 165 ಮನೆಗಳು ಬೇಕು. ಈ ಲೆಕ್ಕ ನೋಡದೆ, ಪಟ್ಟಣದವರೆಲ್ಲ ಪರಿಸರ ಪ್ರೇಮಿಗಳಾಗಿದ್ದಾರೆಂಬ ಸುದ್ದಿ ನಂಬಿ, ಇರುವ ಕಬ್ಬನ್ನೆಲ್ಲಾ ಒಮ್ಮೆಗೇ ಸಾವಯವಕ್ಕೆ ತಿರುಗಿಸಿದವರು ಕೊನೆಗೆ ಆ ಬೆಲ್ಲವನ್ನು ಮಂಡಿಯ ಬಣ್ಣದ ಹರಾಜಿಗೇ ಒಯ್ಯಬೇಕಾಗುತ್ತದೆ. ಮೊದಲ ವರ್ಷ ಹತ್ತು ಗುಂಟೆಯ ಬೆಲ್ಲಕ್ಕೆ 40 ಮನೆಗಳನ್ನು ಹಿಡಿದುಕೊಂಡರೆ ಸಾಕು. ಒಂದು ವಸತಿ ಬಡಾವಣೆಯಲ್ಲಿ ಪರಿಚಯದ ಎರಡು ಮನೆಗಳಿದ್ದರೆ ಉಳಿದವು ಅವರ ಮಾತಿನಿಂದ ಸೇರುತ್ತವೆ. ಜಾಹೀರಾತಿಗಿಂತ ನೆರೆಮನೆಯ ಮಾತಿಗೆ ಬೆಲೆ ಹೆಚ್ಚು.

ಬಯಸಿದಾಗ ಪದಾರ್ಥ ಸಿಗದಿರುವುದೂ ಗ್ರಾಹಕ ಹಿಂದೆ ಸರಿಯಲು ಕಾರಣ. ಸಂಕ್ರಾಂತಿಗೆ ಕೊಟ್ಟು ಯುಗಾದಿಗೆ ಇಲ್ಲವೆಂದರೆ ಅವನು ಹಳೆಯ ಅಂಗಡಿಗೆ ಮರಳುತ್ತಾನೆ. ಬೆಲ್ಲದ ತೇವಾಂಶ ನೂರಕ್ಕೆ 10ನ್ನು ಮೀರದಂತೆ ಆರಿಸಿ, ಗಾಳಿಯಾಡದಂತೆ ಕಟ್ಟಿ, ಮಳೆಗಾಲಕ್ಕೆ ಮುಂಚೆಯೇ ಬೆಚ್ಚನೆಯ ಒಣ ಜಾಗದಲ್ಲಿ ಸೇರಿಸಬೇಕು. ಮಳೆಗಾಲಕ್ಕೆ ಪುಡಿಬೆಲ್ಲ ಹೆಚ್ಚು ಅನುಕೂಲ. ಅದರ ಪಾಕವನ್ನು 120ರಿಂದ 122 ಡಿಗ್ರಿಯವರೆಗೆ ಕೊಂಡೊಯ್ಯಬೇಕು.

ಒಬ್ಬನೇ ರೈತ ವರ್ಷವಿಡೀ ಒದಗಿಸುವುದು ಕಷ್ಟ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಆಯ್ಕೆಯಾದ ಉತ್ಪನ್ನ ಬೆಲ್ಲವೇ. ಅಕ್ಕಪಕ್ಕದ ಐವರು ಬೆಳೆಗಾರರು ಸೇರಿದರೆ ಸಹಭಾಗಿತ್ವ ಖಾತರಿ ಪದ್ಧತಿಯ ಗುಂಪು ರಚಿಸಬಹುದು. ಇದರಲ್ಲಿ ಗುಂಪಿನವರೇ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ, ಹೊರಗಿನ ಸಂಸ್ಥೆಯ ದುಬಾರಿ ಶುಲ್ಕವಿಲ್ಲ. ಪರಿವರ್ತನೆಯ ಅವಧಿಯಲ್ಲಿರುವ ಬೆಳೆಗೆ ಪಿಜಿಎಸ್ ಗ್ರೀನ್, ಅವಧಿ ಮುಗಿಸಿದ್ದಕ್ಕೆ ಪಿಜಿಎಸ್ ಇಂಡಿಯಾ ಆರ್ಗಾನಿಕ್ ಎಂದು ಬೇರೆ ಬೇರೆ ಮುದ್ರೆಗಳಿವೆ. ಪರಿಶೀಲನೆಯ ದಿನ ಗ್ರಾಹಕರಲ್ಲಿ ಒಬ್ಬಿಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಗೊಬ್ಬರ, ಸಿಂಪರಣೆ, ಕಟಾವುಗಳ ದಿನಚರಿ ಪುಸ್ತಕವನ್ನು ನಾಟಿಯ ದಿನದಿಂದಲೇ ಬರೆಯಲು ಆರಂಭಿಸಬೇಕು. ಕಟಾವಿನ ಹೊತ್ತಿಗೆ ನೆನಪಿನಿಂದ ಬರೆದ ಪುಸ್ತಕವನ್ನು ಪರಿಶೀಲಿಸುವವರು ಒಂದೇ ನೋಟದಲ್ಲಿ ಗುರುತಿಸುತ್ತಾರೆ.