ನೋಡುವ ವಿದ್ಯೆ

ಇಂದು ವೈದ್ಯಪದವಿಯನ್ನು ಸ್ವೀಕರಿಸಿದ ತರುಣ ಮಿತ್ರರೆ,

1925ರಲ್ಲಿ ಸೂರತ್ತಿನಲ್ಲಿ ಜನಿಸಿ, ಈ ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಲಂಡನ್ನಿನಲ್ಲಿ ನರವೈದ್ಯದ ಶಿಕ್ಷಣವನ್ನು ಪಡೆದು, 1957ರಲ್ಲಿ ಬೈಕುಲ್ಲಾದ ಜೆ.ಜೆ. ಆಸ್ಪತ್ರೆಗೆ ಮರಳಿ ಬಂದು ಅಲ್ಲಿ ನರರೋಗ ವಿಭಾಗವನ್ನು ಸ್ಥಾಪಿಸಿದ ಡಾಕ್ಟರ್ ನೋಶಿರ್ ವಾಡಿಯಾ ಅವರನ್ನು ಈ ಶುಭದಿನದಲ್ಲಿ ನಿಮಗೆ ಸ್ಮರಣೆಗೆ ತಂದುಕೊಡುವುದು ನನ್ನ ಉದ್ದೇಶ. ಅವರಿಗೆ 2012ರಲ್ಲಿ ಪದ್ಮಭೂಷಣ ಸಂದಿತು. 2016ರಲ್ಲಿ ಅವರು ಕಾಲವಾದರು. ಆದರೆ ಪ್ರಶಸ್ತಿಗಿಂತ ಹಿರಿದಾದುದು, ಹಾಸಿಗೆಯ ಬಳಿ ನಿಂತು ರೋಗಿಯನ್ನು ನೋಡುವ ಅವರ ರೀತಿ.

ನಡಿಗೆ ತೂರಾಡುವ, ಮಾತು ತೊದಲುವ, ವಂಶದಲ್ಲಿ ಹರಿದು ಬರುವ ಚಿಕ್ಕಮೆದುಳಿನ ವ್ಯಾಧಿಯೊಂದುಂಟು. ವೈದ್ಯನು ರೋಗಿಯ ಎಡಕ್ಕೊಂದು, ಬಲಕ್ಕೊಂದು ಬೆರಳನ್ನೆತ್ತಿ ಹಿಡಿದು, ತಲೆಯನ್ನು ಅಲುಗಿಸದೆ ಒಂದರಿಂದ ಇನ್ನೊಂದಕ್ಕೆ ನೋಡೆಂದು ಹೇಳಿದರೆ, ಆರೋಗ್ಯವಂತನ ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಜಿಗಿಯುತ್ತದೆ. ವಾಡಿಯಾ ಅವರು ಕಂಡ ಕೆಲವು ರೋಗಿಗಳ ಕಣ್ಣಾದರೋ ಎಣ್ಣೆಯಲ್ಲಿ ತೇಲಿದಂತೆ ಮೆಲ್ಲಮೆಲ್ಲನೆ ಸರಿಯುತ್ತಿತ್ತು. ಇಂತಹ ಒಂಬತ್ತು ಕುಟುಂಬಗಳನ್ನು ಸಾವಧಾನವಾಗಿ ಪರೀಕ್ಷಿಸಿ, ಸಹೋದ್ಯೋಗಿ ಸ್ವಾಮಿಯವರೊಡಗೂಡಿ 1971ರಲ್ಲಿ ಲಂಡನ್ನಿನ ‘ಬ್ರೈನ್’ ಪತ್ರಿಕೆಯಲ್ಲಿ ಇದೊಂದು ಹೊಸ ಬಗೆಯ ವ್ಯಾಧಿಯೆಂದು ಅವರು ಪ್ರತಿಪಾದಿಸಿದರು. ಕಾಲು ಶತಮಾನದ ತರುವಾಯ, 1996ರಲ್ಲಿ, ಹನ್ನೆರಡನೆಯ ವರ್ಣತಂತುವಿನಲ್ಲಿ ಆ ಬಗೆಯ ವ್ಯಾಧಿಗೆ ಕಾರಣವಾದ ವಂಶವಾಹಿಯು ಪತ್ತೆಯಾಯಿತು. ದೂರದ ಕ್ಯೂಬಾದ ಓಲ್ಗಿನ್ ಪ್ರಾಂತದಲ್ಲಿ ಅದೇ ರೋಗದಿಂದ ನರಳುವ ಮನೆತನಗಳು ಬಹಳ. ಯಂತ್ರಗಳು ವಿರಳವಾಗಿದ್ದ ಕಾಲದಲ್ಲಿ ಮುಂಬಯಿಯ ಸಾಮಾನ್ಯ ಕುಟುಂಬಗಳು ತಮ್ಮ ದೇಹದ ಸಂಕಟವನ್ನು ತೆರೆದು ತೋರಿ ಜಗತ್ತಿಗೆ ನೀಡಿದ ಜ್ಞಾನವಿದು. ಅವರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲವೆಂಬುದು ನನ್ನನ್ನು ಇಂದಿಗೂ ಕಲಕುತ್ತದೆ.

ಅದೇ 1971ರಲ್ಲಿ ಮುಂಬಯಿ ನಗರದಲ್ಲೆಲ್ಲ ಕೆಂಗಣ್ಣು ಬೇನೆ ಹಬ್ಬಿತು. ಕಣ್ಣು ಕೆಲವೇ ದಿನಗಳಲ್ಲಿ ತಿಳಿಯಾಗುತ್ತಿತ್ತು. ಆಮೇಲೆ ಕೆಲವರಿಗೆ ಕಾಲುಗಳು ಸೋತು, ಬೆಳೆದವರೂ ಪೋಲಿಯೊ ಬಡಿದ ಮಕ್ಕಳಂತೆ ಹಾಸಿಗೆ ಹಿಡಿದರು. ‘ಈಚೆಗೆ ಕಣ್ಣು ಬಂದಿತ್ತೇ?’ ಎಂದು ಕೇಳದವನಿಗೆ ಈ ಎರಡರ ಸಂಬಂಧ ಹೊಳೆಯುವಂತಿರಲಿಲ್ಲ. ವಾಡಿಯಾ ಮತ್ತು ಅವರ ಸಂಗಡಿಗರು ಆ ಸಂಬಂಧವನ್ನು ಗುರುತಿಸಿ 1973ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಮೂಲಕ ಲೋಕಕ್ಕೆ ತಿಳಿಸಿದರು. ಶುಶ್ರೂಷೆ, ಬೋಧನೆ, ಲೋಕದ ಆರೋಗ್ಯಚಿಂತನೆ ಎಂದು ನಾವು ಬೇರೆಬೇರೆಯಾಗಿ ಹೆಸರಿಸುವ ಮೂರು ಕಾರ್ಯಗಳೂ ಆ ವಾರ್ಡಿನಲ್ಲಿ ಒಂದೇ ಪ್ರಶ್ನೆಯಲ್ಲಿ ಅಡಗಿದ್ದವು: ರೋಗಿಗೆ ಅದರಿಂದ ನಿದಾನ ದೊರೆಯಿತು, ಪಕ್ಕದಲ್ಲಿದ್ದ ವಿದ್ಯಾರ್ಥಿಗೆ ಪಾಠವಾಯಿತು, ಅನ್ಯದೇಶಗಳ ವೈದ್ಯರಿಗೆ ಎಚ್ಚರಿಕೆ ತಲುಪಿತು.

ಕೇಳಿ ತಿಳಿಯುವ ಇದೇ ರೀತಿಯನ್ನು ಅರಸಿ ನಮ್ಮ ಕರ್ನಾಟಕದತ್ತ ತಿರುಗಿದರೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಗೌರಿದೇವಿಯವರೂ ಸಹೋದ್ಯೋಗಿಗಳೂ ಮನೆಮನೆಗೆ ತೆರಳಿ ಲಕ್ಷಕ್ಕೂ ಮಿಕ್ಕ ಜನರನ್ನು ವಿಚಾರಿಸಿ ನಡೆಸಿದ ಸಮೀಕ್ಷೆಯಲ್ಲಿ, ಮೂರ್ಛೆರೋಗವು ನಗರದಲ್ಲಿ ಸಾವಿರಕ್ಕೆ 5.7ರಷ್ಟಿದ್ದರೆ ಹಳ್ಳಿಯಲ್ಲಿ 11.9ರಷ್ಟಿದ್ದುದು ಕಂಡುಬಂದಿತು. ಅಗ್ಗದ ಫಿನೋಬಾರ್ಬಿಟಾಲ್ ಗುಳಿಗೆಯಿಂದಲೇ ಎಷ್ಟೋ ಮಂದಿಯಲ್ಲಿ ಹತೋಟಿಗೆ ಬರುವ ಈ ಬೇನೆಗೆ ಇನ್ನೂ ಕೈಗೆ ಕಬ್ಬಿಣ ಕೊಡುವುದು, ಮದುವೆಯ ಮಾತಿನಲ್ಲಿ ಅದನ್ನು ಮುಚ್ಚಿಡುವುದು ನಡೆದೇ ಇದೆ. ಧಾರಾವಿಯಲ್ಲಾಗಲಿ, ಕಲ್ಯಾಣ ವಿರಾರಗಳ ಆಚೆಗಾಗಲಿ ನಿಮ್ಮ ದವಾಖಾನೆಗೆ ಅಂಥ ರೋಗಿಯೊಬ್ಬನು ಬಂದಾಗ, ಮೂರ್ಛೆಯ ಹೊತ್ತಿನಲ್ಲಿ ತನಗೇನಾಯಿತೆಂದು ಅವನು ಬಲ್ಲವನಲ್ಲವಾದ್ದರಿಂದ, ಕಣ್ಣಾರೆ ಕಂಡ ತಾಯಿಯನ್ನೋ ಹೆಂಡತಿಯನ್ನೋ ಕರೆದು ಕೂರಿಸಿ, ಮೊದಲು ಯಾವ ಕೈ ಅದುರಿತು, ತಲೆ ಯಾವ ಕಡೆಗೆ ಹೊರಳಿತು ಎಂಬುದನ್ನು ಕೇಳಿ ಬರೆದುಕೊಳ್ಳಿರಿ.