ದೂರದ ಡಾಕ್ಟರಿಗೆ ದುಡ್ಡು ಕೊಡುವವರು ಯಾರು?



ಹೆಬ್ಬಳ್ಳಿಯವರಾದ ನೀವು ಆರೋಗ್ಯದ ವಿಷಯ ಮಾತಾಡಲು ಅರ್ಥಶಾಸ್ತ್ರದ ಮಾಸ್ತರನನ್ನು ಕರೆದಿದ್ದೀರಿ. ಅದು ಸರಿಯಾಗಿಯೇ ಇದೆ ಎಂದು ನನಗೆ ಅನಿಸುತ್ತದೆ. ಟೆಲಿಮೆಡಿಸಿನ್ನಿನಲ್ಲಿ ಯಂತ್ರದ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಿದೆ. ಬೆಂಗಳೂರಿನ ತಜ್ಞರ ಮುಖವನ್ನು ಹೆಬ್ಬಳ್ಳಿಯ ಒಂದು ಕೋಣೆಯಲ್ಲಿ ಕಾಣಿಸುವುದು ಇವತ್ತು ಕಷ್ಟದ ಕೆಲಸವಲ್ಲ. ಆ ತಜ್ಞರ ವೇಳೆಗೆ, ಈ ಕಡೆ ಕೂತು ರೋಗಿಯ ಬಿ.ಪಿ. ನೋಡುವ ನರ್ಸಿನ ಪಗಾರಕ್ಕೆ, ಆಮೇಲೆ ಬೇಕಾಗುವ ಗುಳಿಗೆಗೆ ಹಣ ಎಲ್ಲಿಂದ ಬರಬೇಕು ಎಂಬುದು ಮಾತ್ರ ಬಗೆಹರಿದಿಲ್ಲ. ನನ್ನ ಮಾತೆಲ್ಲ ಅದರ ಸುತ್ತಲೇ.

ಸಕ್ಕರೆ ಕಾಯಿಲೆ ಇರುವ ಒಬ್ಬ ತಾಯಿ ಈ ಊರಿನಿಂದ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬರಬೇಕು ಎಂದಿಟ್ಟುಕೊಳ್ಳಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಆಕೆಗೆ ಬಸ್ಸಿನ ಖರ್ಚಿಲ್ಲ. ಸರಕಾರಿ ದವಾಖಾನೆಯ ಚೀಟಿಗೆ ಹೆಚ್ಚೇನೂ ಬೀಳುವುದಿಲ್ಲ. ಆದರೂ ಆಕೆ ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಇರುತ್ತಾಳೆ. ಯಾಕೆಂದರೆ ಹೊಲದಲ್ಲಿ ಕಸ ತೆಗೆಯುವ ದಿನಗಳು; ಹೋದರೆ ಆ ದಿನದ ಕೂಲಿ ಹೋಗುತ್ತದೆ, ಜೊತೆಗೆ ಬರುವ ಮಗನ ಕೂಲಿಯೂ ಹೋಗುತ್ತದೆ. ಎರಡೂ ಸೇರಿ ಏಳೆಂಟು ನೂರು ರೂಪಾಯಿ ಎಂದು ಹಿಡಿಯೋಣ. ಅದೇ ಸಲಹೆ ಊರಲ್ಲೇ ಹತ್ತು ನಿಮಿಷದಲ್ಲಿ ಸಿಕ್ಕರೆ ಆ ಮನೆಗೆ ಅಷ್ಟೂ ಉಳಿಯಿತು. ಹಾಗಾದರೆ ಫೋನಿನ ಡಾಕ್ಟರಿಗೆ ಮುನ್ನೂರು ರೂಪಾಯಿ ಕೊಡಲು ಆಕೆ ಮುಂದೆ ಬರಬೇಕಲ್ಲ?

ಬರುವುದಿಲ್ಲ. ಲೆಕ್ಕ ತಪ್ಪುವುದು ಇಲ್ಲೇ. ಆಕೆ ಈ ಮುನ್ನೂರನ್ನು ಕಿಮ್ಸ್‌ಗೆ ಹೋಗುವ ಏಳೆಂಟು ನೂರರ ಜೊತೆ ತೂಗಿ ನೋಡುವುದಿಲ್ಲ, ಎಲ್ಲಿಗೂ ಹೋಗದೆ ಸುಮ್ಮನಿರುವುದರ ಜೊತೆ ತೂಗಿ ನೋಡುತ್ತಾಳೆ. ಸುಮ್ಮನಿದ್ದರೆ ಇವತ್ತಿನ ಖರ್ಚು ಸೊನ್ನೆ. ಕಾಲಿನ ಹುಣ್ಣು, ಮಂಜಾಗುವ ಕಣ್ಣು, ಕೆಡುವ ಮೂತ್ರಪಿಂಡ ಇವೆಲ್ಲ ಹತ್ತು ವರ್ಷದ ಮೇಲೆ ಬರುವ ಬಿಲ್ಲು. ಆ ಬಿಲ್ಲು ಬಂದಾಗ ಹೊಲ ಮಾರಿ ತೀರಿಸುತ್ತೇವೆ. ಹಳ್ಳಿಯ ರೋಗಿ ಒಂದೊಂದು ಕರೆಗೆ ಹಣ ಕೊಡುತ್ತಾನೆ ಎಂದು ನಂಬಿ ಹೊರಟ ವ್ಯವಹಾರ ಬಡ ದೇಶಗಳಲ್ಲಿ ನಿಲ್ಲದಿರುವುದಕ್ಕೆ ಇದೇ ಮೂಲ ಕಾರಣ ಎಂದು ನಾನು ತಿಳಿದಿದ್ದೇನೆ.

ಭಾರತದಲ್ಲಿ ಈ ಕೆಲಸ ಶುರುವಾದದ್ದು ದಾನದ ಮೇಲೆ. 2000ದಲ್ಲಿ ಅಪೋಲೋ ಸಂಸ್ಥೆ ಆಂಧ್ರದ ಚಿತ್ತೂರು ಜಿಲ್ಲೆಯ ಅರಗೊಂಡ ಎಂಬ ಹಳ್ಳಿಯನ್ನು ಚೆನ್ನೈಗೆ ಜೋಡಿಸಿತು. 2002ರಲ್ಲಿ ಇಸ್ರೋ ನಮ್ಮ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಅಂದಿನ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಉಪಗ್ರಹದ ಮೂಲಕ ಜೋಡಿಸಿತು. ಕಾಡಂಚಿನ ಸರಗೂರಿನಲ್ಲಿ ಎದೆನೋವಿನಿಂದ ಮಲಗಿದವನ ಇ.ಸಿ.ಜಿ.ಯನ್ನು ಬೆಂಗಳೂರಿನ ಹೃದ್ರೋಗ ತಜ್ಞರು ಕೂತಲ್ಲೇ ನೋಡಿದರು. ಅದು ದೊಡ್ಡ ಸಾಧನೆ, ಅದನ್ನು ಕಟ್ಟಿದವರಿಗೆ ನಾವು ಕೃತಜ್ಞರಾಗಿರಬೇಕು. ಆದರೆ ಉಪಗ್ರಹದ ಸಂಪರ್ಕ ಇಸ್ರೋದ ಉಚಿತ ಕೊಡುಗೆ, ತಜ್ಞರ ಸಲಹೆ ಆಸ್ಪತ್ರೆಯ ಉಚಿತ ಸೇವೆ. ಖರ್ಚು ಇತ್ತು, ಕಾಣುತ್ತಿರಲಿಲ್ಲ. ಕಾಣದ ಖರ್ಚಿನ ಮೇಲೆ ನಿಂತ ಕೆಲಸ ಎರಡು ಊರಲ್ಲಿ ನಡೆಯುತ್ತದೆ, ಇನ್ನೂರು ಊರಲ್ಲಿ ನಡೆಯುವುದಿಲ್ಲ.

ನಮ್ಮ ಪಕ್ಕದಲ್ಲೇ ಇನ್ನೊಂದು ಮಾದರಿ ಬಂತು. 104ಕ್ಕೆ ಫೋನ್ ಮಾಡಿದರೆ ಮಾತಾಡುವ ಆರೋಗ್ಯವಾಣಿಯ ಕರೆಕೇಂದ್ರ ಶುರುವಾದದ್ದು 2013ರ ಸುಮಾರಿಗೆ, ಹುಬ್ಬಳ್ಳಿಯ ಐ.ಟಿ. ಪಾರ್ಕಿನಲ್ಲಿ. ಬೀದರಿನಿಂದ ಕೊಳ್ಳೇಗಾಲದವರೆಗೆ ಯಾರು ಕರೆದರೂ ಮೊದಲು ತರಬೇತಿ ಪಡೆದ ಸಿಬ್ಬಂದಿ ಕೇಳಿಸಿಕೊಂಡು, ಬೇಕಾದರೆ ಮಾತ್ರ ಡಾಕ್ಟರಿಗೆ ಕೊಡುವ ಏರ್ಪಾಟು ಅದು. ಕರೆ ಮಾಡಿದವರು ಏನೂ ಕೊಡಬೇಕಿಲ್ಲ. ನಡೆಸುವ ಸಂಸ್ಥೆಗೆ ಸರಕಾರ ಕೊಡುತ್ತದೆ. ರೋಗಿ ಬೇರೆ, ಗಿರಾಕಿ ಬೇರೆ ಎಂಬ ಈ ವ್ಯವಸ್ಥೆಯನ್ನು ನಾನು ಮೆಚ್ಚುತ್ತೇನೆ. ಕೊರತೆ ಒಂದೇ. ಫೋನಿನ ಆ ತುದಿಯಿಂದ ಹೊಟ್ಟೆ ಮುಟ್ಟಿ ನೋಡಲಾಗುವುದಿಲ್ಲ, ರಕ್ತ ತೆಗೆಯಲಾಗುವುದಿಲ್ಲ.

ಖಾಸಗಿ ಕಂಪನಿಗಳ ಕಥೆ ಬೆಂಗಳೂರಿನದು. ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಲ್ಲಿ ಓದುತ್ತಿದ್ದ ಇಬ್ಬರು ಹುಡುಗರು 2008ರಲ್ಲಿ ಪ್ರಾಕ್ಟೋ ಶುರುಮಾಡಿದರು. ಮೊದಲು ಅವರು ಮಾರಿದ್ದು ಕ್ಲಿನಿಕ್ಕಿನ ಲೆಕ್ಕಪತ್ರ ಇಡುವ ಸಾಫ್ಟ್‌ವೇರ್. ಪರದೆಯ ಮೇಲಿನ ಸಲಹೆ ಬಂದದ್ದು ಆಮೇಲೆ. 2018ರಲ್ಲಿ, ಫೋನಿನಲ್ಲಿ ಔಷಧ ಹೇಳಿದ ರತ್ನಾಗಿರಿಯ ವೈದ್ಯ ದಂಪತಿಯ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು ಕಠಿಣವಾಗಿ ಮಾತಾಡಿದ ಮೇಲೆ ಫೋನಿನಲ್ಲಿ ಔಷಧ ಹೇಳಲು ಡಾಕ್ಟರುಗಳು ಹೆದರಿದ್ದರು. 2020ರ ಮಾರ್ಚ್ 25ರಂದು, ಲಾಕ್‌ಡೌನಿನ ಮೊದಲ ದಿನವೇ, ಕೇಂದ್ರ ಸರಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಯಾವ ಔಷಧವನ್ನು ದೂರದಿಂದ ಬರೆಯಬಹುದು, ಯಾವುದಕ್ಕೆ ಮುಖ ನೋಡಲೇಬೇಕು, ಯಾವುದನ್ನು ಬರೆಯಲೇಬಾರದು ಎಂದು ಅದು ಪಟ್ಟಿ ಕೊಟ್ಟಿತು. ಕಂಪನಿಗಳಿಗೆ ಬಂಡವಾಳ ಹರಿದುಬಂತು. ಅದೇ ವರ್ಷ ಡಾಕ್ಸ್‌ಆ್ಯಪ್ ಮತ್ತು ಮೆಡಿಬಡ್ಡಿ ಒಂದಾದವು. ಎರಡೇ ವರ್ಷದಲ್ಲಿ ಕೋವಿಡ್ಡಿನ ಭಯ ಇಳಿಯಿತು. 2022ರಲ್ಲಿ ಎಂಫೈನ್ ಎಂಬ ಇಂಥದೇ ಕಂಪನಿ ನೂರಾರು ಜನರನ್ನು ಕೆಲಸದಿಂದ ತೆಗೆಯಿತು. ಉಳಿದವರಲ್ಲಿ ಹೆಚ್ಚಿನವರು ಐ.ಟಿ. ಕಂಪನಿಗಳ ನೌಕರರ ಆರೋಗ್ಯದ ಗುತ್ತಿಗೆ, ಮನೆಗೆ ಬಂದು ರಕ್ತ ತೆಗೆಯುವ ಪರೀಕ್ಷೆ, ಔಷಧ ಮಾರಾಟ ಇವುಗಳನ್ನು ನೆಚ್ಚಿಕೊಂಡರು. ಸಲಹೆಯೊಂದರಿಂದಲೇ ಹೊಟ್ಟೆ ತುಂಬುವುದಿಲ್ಲ ಎಂಬುದನ್ನು ಮಾರುಕಟ್ಟೆ ಹೇಳಿಬಿಟ್ಟಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಗಿರಾಕಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿದ್ದಾನೆ. ಹೆಬ್ಬಳ್ಳಿಗೆ ಅವರು ಬರಲಿ ಎಂದು ಕಾಯುವುದು ಮಾತ್ರ ನಮ್ಮ ತಪ್ಪಾಗುತ್ತದೆ.

ಹಾಗಾದರೆ ಹಳ್ಳಿಗಳಲ್ಲಿ ಗಟ್ಟಿಯಾಗಿ ನಿಂತದ್ದು ಯಾವುದು? ಮೂರು ಉದಾಹರಣೆ ಹೇಳುತ್ತೇನೆ.

ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆ 2004ರಿಂದ ಸಣ್ಣ ಊರುಗಳಲ್ಲಿ ದೃಷ್ಟಿ ಕೇಂದ್ರಗಳನ್ನು ತೆರೆಯುತ್ತ ಬಂದಿದೆ. ಆಸುಪಾಸಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಅಲ್ಲಿ ಕೂರಿಸುತ್ತಾರೆ. ಅವರು ಕಣ್ಣು ಪರೀಕ್ಷಿಸಿ ಚಿತ್ರ ಕಳಿಸುತ್ತಾರೆ, ಡಾಕ್ಟರು ದೂರದಿಂದ ನೋಡುತ್ತಾರೆ. ಶುಲ್ಕ ಒಂದು ಊಟದ ಬೆಲೆಗಿಂತ ಕಡಿಮೆ. ಆ ಶುಲ್ಕಕ್ಕೆ ಕನ್ನಡಕದ ಮಾರಾಟವೂ ಸೇರಿ ಕೇಂದ್ರ ನಡೆಯುತ್ತದೆ, ಪೊರೆ ಇದ್ದವರು ದೊಡ್ಡಾಸ್ಪತ್ರೆಗೆ ಬರುತ್ತಾರೆ. ಹಣ ಬರುವ ದಾರಿ ಸಲಹೆಯ ಆಚೆ ಇದೆ ಎಂಬುದನ್ನು ಅವರು ಮೊದಲ ದಿನವೇ ತಿಳಿದುಕೊಂಡಿದ್ದರು.

ಎರಡನೆಯದು ನಮ್ಮದೇ ರಾಜ್ಯದ್ದು. ಅವಧಿಗೆ ಮುಂಚೆ ಹುಟ್ಟಿದ ಕೆಲವು ಕೂಸುಗಳ ಕಣ್ಣಿನ ಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುತ್ತವೆ. ಕೆಲವೇ ವಾರಗಳಲ್ಲಿ ಲೇಸರ್ ಕೊಡದಿದ್ದರೆ ಕೂಸು ಜನ್ಮಪೂರ್ತಿ ಕುರುಡಾಗಬಹುದು. ಈ ರೋಗ ಗುರುತಿಸಬಲ್ಲ ತಜ್ಞರು ದೇಶದಲ್ಲೇ ಕಡಿಮೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ ವಿನೇಕರ್ ಅವರು 2008ರಲ್ಲಿ ಕಿಡ್‌ರಾಪ್ ಎಂಬ ಕಾರ್ಯಕ್ರಮ ಶುರುಮಾಡಿದರು. ತಂತ್ರಜ್ಞರು ದುಬಾರಿ ಕ್ಯಾಮೆರಾವನ್ನು ವಾಹನದಲ್ಲಿಟ್ಟುಕೊಂಡು ಊರೂರಿನ ನವಜಾತ ಶಿಶುಗಳ ಘಟಕಗಳಿಗೆ ಹೋಗುತ್ತಾರೆ, ಕೂಸಿನ ಕಣ್ಣಿನ ಚಿತ್ರ ತೆಗೆಯುತ್ತಾರೆ, ಕೆಂಪು, ಕಿತ್ತಳೆ, ಹಸಿರು ಎಂದು ಅಲ್ಲೇ ವಿಂಗಡಿಸುತ್ತಾರೆ, ತಜ್ಞರು ತಮ್ಮ ಫೋನಿನಲ್ಲೇ ಚಿತ್ರ ನೋಡಿ ಹೇಳುತ್ತಾರೆ. ರಾಜ್ಯದ ಆರೋಗ್ಯ ಅಭಿಯಾನ ಜೊತೆಗೂಡಿದ ಮೇಲೆ ಇದು ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಬಂತು. ಒಂದು ಆಸ್ಪತ್ರೆಗೆ ಒಂದು ಕ್ಯಾಮೆರಾ ಎಂದರೆ ಯಾರಿಗೂ ಕೈಗೆಟುಕದು. ಹಲವು ಆಸ್ಪತ್ರೆಗಳಿಗೆ ಒಂದು ಎಂದಾಗ ಕೂಸೊಂದರ ಮೇಲೆ ಬೀಳುವ ಖರ್ಚು ಇಳಿಯಿತು. ನಾನು ಓದಿದ, ಕೇಳಿದ ಮಾದರಿಗಳಲ್ಲಿ ಮನಸ್ಸಿಗೆ ತೀರ ಹತ್ತಿರವಾದದ್ದು ಇದು. ತಪ್ಪಿಸಿದ ಕುರುಡುತನಕ್ಕೆ ಯಾವ ಲೆಕ್ಕಿಗನೂ ಬೆಲೆ ಕಟ್ಟಲಾರ.

ಮೂರನೆಯದು ಹೃದಯದ್ದು. ಹೊಲದಿಂದ ಬಂದ ರೈತ "ಎದಿ ಉರಿಯಾಕತ್ತೈತಿ" ಎಂದರೆ ಅದು ಹುಳಿತೇಗೋ ಹೃದಯಾಘಾತವೋ ಪರದೆಯಲ್ಲಿ ಮುಖ ನೋಡಿ ಯಾರೂ ಹೇಳಲಾರರು. ಬೇಕಾದದ್ದು ಇ.ಸಿ.ಜಿ. ಮತ್ತು ಅದನ್ನು ಕೂಡಲೇ ಓದುವವರು. ಬೆಂಗಳೂರಿನ ಹೃದ್ರೋಗ ತಜ್ಞ ಡಾ. ಚರಿತ್ ಭೋಗರಾಜ್ ಮತ್ತು ಗೆಳೆಯರು ಕಟ್ಟಿದ ಟ್ರೈಕಾಗ್ ಕಂಪನಿ ಮಾಡಿದ್ದು ಅದನ್ನೇ: ಸಣ್ಣ ಕ್ಲಿನಿಕ್ಕುಗಳಲ್ಲಿ ಯಂತ್ರ ಇರುತ್ತದೆ, ಒಂದೇ ಕಡೆ ಹಗಲೂ ರಾತ್ರಿ ಕೂತ ತಂಡ ಕಂಪ್ಯೂಟರಿನ ನೆರವಿನಿಂದ ಎಲ್ಲರ ಇ.ಸಿ.ಜಿ. ಓದುತ್ತದೆ. ಅದೇ ದಾರಿಯಲ್ಲಿ ರಾಜ್ಯ ಸರಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯನ್ನು 2023ರ ನವೆಂಬರಿನಲ್ಲಿ ಇಲ್ಲೇ ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಉದ್ಘಾಟಿಸಲಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ಕೆಲವೇ ನಿಮಿಷದಲ್ಲಿ ಓದಿಸಿಕೊಂಡು ಬರುತ್ತದೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಔಷಧ ಅದು. ಓದುವವರ ಪಕ್ಕದಲ್ಲೇ ಇಂಜೆಕ್ಷನ್ನಿಗೂ ಹಣ ಇಟ್ಟದ್ದರಿಂದ ಈ ಯೋಜನೆಗೆ ಅರ್ಥ ಬಂದಿದೆ.

ಸರಕಾರದ ದೂರಸಲಹೆ ವ್ಯವಸ್ಥೆಯಾದ ಇ-ಸಂಜೀವಿನಿಯನ್ನು ಬಿಟ್ಟು ಈ ಮಾತು ಮುಗಿಯದು. ಮೊಹಾಲಿಯ ಸಿ-ಡ್ಯಾಕ್ ಸಂಸ್ಥೆ ಕಟ್ಟಿದ ಈ ವ್ಯವಸ್ಥೆ 2019ರಲ್ಲಿ ಶುರುವಾಗಿ 2023ರ ಫೆಬ್ರವರಿಯ ಹೊತ್ತಿಗೆ 10 ಕೋಟಿ ಸಲಹೆಗಳನ್ನು ದಾಟಿತು. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಾಕ್ಟರನ್ನು ಕರೆಯುವ ಪದ್ಧತಿ ಒಳ್ಳೆಯದು. ನನ್ನ ಚಿಂತೆ ಎಣಿಕೆಯದು. ಕರೆಯ ಸಂಖ್ಯೆಯನ್ನೇ ಗುರಿಯಾಗಿ ಕೊಟ್ಟರೆ ಕರೆಗಳು ಹೆಚ್ಚುತ್ತವೆ. ಸಕ್ಕರೆ ಇಳಿಯಿತೇ, ಗುಳಿಗೆ ಸಿಕ್ಕಿತೇ ಎಂದು ಕೇಳುವವರಿರುವುದಿಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಬೇರೆ ಬಗೆಯದು. 14416ಕ್ಕೆ ಕರೆ ಮಾಡಿದರೆ ಮಾತೇ ಅಲ್ಲಿ ಅರ್ಧ ಔಷಧ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ಆ ಕೆಲಸದಲ್ಲಿ ಕೈಜೋಡಿಸಿದೆ. ಊರಿನ ತರುಣರು ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಸರಕಾರವೊಂದನ್ನೇ ನಂಬಬಹುದೇ ಎಂದರೆ ರುವಾಂಡಾದ ಕಡೆ ನೋಡಬೇಕು. ಅಲ್ಲಿ ಬ್ರಿಟನ್ನಿನ ಬ್ಯಾಬಿಲಾನ್ ಕಂಪನಿ 2016ರಿಂದ ಸಾದಾ ಫೋನಿನ ಮೇಲೆ ಡಾಕ್ಟರ ಸೇವೆ ಕೊಟ್ಟಿತು. 2020ರಲ್ಲಿ ಸರಕಾರ ಹತ್ತು ವರ್ಷದ ಒಪ್ಪಂದ ಮಾಡಿಕೊಂಡು ಆರೋಗ್ಯ ವಿಮೆಗೆ ಜೋಡಿಸಿತು. 2023ರಲ್ಲಿ ಮೂಲ ಕಂಪನಿ ದಿವಾಳಿಯಾಯಿತು, ಆಫ್ರಿಕಾದ ಆ ಸೇವೆಯೂ ನಿಂತಿತು. ಕೊಳ್ಳುವವರು ಗಟ್ಟಿ ಇದ್ದರೂ ಮಾರುವವರು ಬೇರೆ ದೇಶದ ಷೇರುಪೇಟೆಗೆ ಕಟ್ಟುಬಿದ್ದಿದ್ದರೆ ಹೀಗಾಗುತ್ತದೆ. ಮೆಕ್ಸಿಕೋದ ಮೆಡಿಕಾಲ್‌ಹೋಮ್ 1998ರಿಂದ ನಡೆದದ್ದು ಬೇರೆ ರೀತಿ: ಮನೆಯ ಟೆಲಿಫೋನ್ ಬಿಲ್ಲಿನಲ್ಲೇ ತಿಂಗಳಿಗೆ ಐದು ಡಾಲರ್ ಸೇರಿಸಿದರು, ಯಾವಾಗ ಬೇಕಾದರೂ ಡಾಕ್ಟರಿಗೆ ಕರೆ ಮಾಡಬಹುದಿತ್ತು. ಕಾಯಿಲೆ ಬೀಳುವ ಮುಂಚೆಯೇ, ಸಣ್ಣ ಮೊತ್ತವಾಗಿ, ಮರೆತೇ ಹೋಗುವಂತೆ ಕೊಡುವ ಹಣ ಅದು.

ಇದು ನಮಗೆ ಹೊಸದಲ್ಲ. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಶುರುವಾದಾಗ ಸಹಕಾರ ಸಂಘದ ರೈತ ಕೊಟ್ಟದ್ದು ತಿಂಗಳಿಗೆ 5 ರೂಪಾಯಿಯ ಲೆಕ್ಕದಲ್ಲಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಒಂದೊಂದು ಕರೆಗೆ ಹಣ ಬಿಚ್ಚದ ರೈತ ಸಂಘದ ಮೂಲಕ, ವರ್ಷಕ್ಕೊಮ್ಮೆ, ಎಲ್ಲರ ಜೊತೆ ಕೊಟ್ಟ. 2018ರಲ್ಲಿ ನಿಂತ ಯೋಜನೆ ಮರಳಿ ಬಂದಿದೆ. ಇನ್ನೂ ಹಿಂದೆ ಹೋದರೆ, 1905ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘ ಈ ದೇಶದ ಕೃಷಿ ಸಹಕಾರದ ಮೊದಲ ಮೆಟ್ಟಿಲು. ಸಾಹುಕಾರನ ಬಡ್ಡಿಯ ಎದುರು ಒಬ್ಬೊಬ್ಬ ರೈತ ಒಂಟಿಯಾಗಿ ನಿಲ್ಲಲಾರ ಎಂದು ಅವರು ಕಂಡುಕೊಂಡಿದ್ದರು. ದೂರದ ಡಾಕ್ಟರ ಜೊತೆ ಚೌಕಾಸಿ ಮಾಡುವಾಗಲೂ ಒಂಟಿ ರೋಗಿಯ ಪಾಡು ಅದೇ.

ಅದಕ್ಕೆ ಹೆಬ್ಬಳ್ಳಿ ಮತ್ತು ಸುತ್ತಲಿನ ಹಳ್ಳಿಗಳ ಸಹಕಾರ ಸಂಘಗಳ ಮುಂದೆ ಒಂದು ಮಾತು ಇಡುತ್ತೇನೆ. ನಾಲ್ಕಾರು ಸಂಘಗಳು ಕೂಡಿ, ಸದಸ್ಯನ ಸಾಲದ ಖಾತೆಯ ಜೊತೆಗೇ ವರ್ಷಕ್ಕೊಂದು ಸಣ್ಣ ಮೊತ್ತ ಹಿಡಿದು, ಬಿ.ಪಿ. ಮತ್ತು ಸಕ್ಕರೆ ಇದ್ದವರಿಗಾಗಿ ಧಾರವಾಡ ಅಥವಾ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ಜೊತೆ ಒಪ್ಪಂದ ಮಾಡಿಕೊಳ್ಳಲಿ. ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆಯಬೇಕು: ವಾರದ ಯಾವ ದಿನ, ಎಷ್ಟು ಗಂಟೆಗೆ ತಜ್ಞರು ಪರದೆಗೆ ಬರುತ್ತಾರೆ, ಈ ಕಡೆ ಕೂರುವ ನರ್ಸಿನ ಪಗಾರ ಯಾರದು, ಇಲ್ಲಿಂದ ಕಳಿಸಿದ ರೋಗಿ ಅಲ್ಲಿ ಮತ್ತೆ ಸಾಲಿನಲ್ಲಿ ನಿಲ್ಲಬೇಕಿಲ್ಲ, ಗುಳಿಗೆ ಜನೌಷಧಿ ಬೆಲೆಗೆ ಊರಲ್ಲೇ ಸಿಗಬೇಕು. ಹಣವನ್ನು ಕರೆ ಎಣಿಸಿ ಕೊಡಬಾರದು. ಅರ್ಧ ಹಣ ಮೊದಲು. ಉಳಿದರ್ಧ ವರ್ಷದ ಕೊನೆಗೆ, ಎಷ್ಟು ಸದಸ್ಯರ ಬಿ.ಪಿ., ಸಕ್ಕರೆ ಹಿಡಿತಕ್ಕೆ ಬಂದಿದೆ ಎಂಬುದನ್ನು ನೋಡಿ. ಆ ಲೆಕ್ಕವನ್ನು ಆಸ್ಪತ್ರೆಯೂ ಬರೆಯಬಾರದು, ಸಂಘದ ಅಧ್ಯಕ್ಷರೂ ಬರೆಯಬಾರದು. ಕೃಷಿ ವಿಶ್ವವಿದ್ಯಾಲಯದಲ್ಲೋ ಕರ್ನಾಟಕ ವಿಶ್ವವಿದ್ಯಾಲಯದಲ್ಲೋ ಸಂಖ್ಯಾಶಾಸ್ತ್ರ ಓದುವ ವಿದ್ಯಾರ್ಥಿಗಳು ಬಂದು ಬರೆಯಲಿ, ವಾರ್ಷಿಕ ಸಭೆಯಲ್ಲಿ ಎಲ್ಲರ ಮುಂದೆ ಓದಲಿ. ಕರಡು ಸಿದ್ಧಪಡಿಸಲು ನನ್ನ ವೇಳೆ ಕೊಡುತ್ತೇನೆ. ಸಂಘದ ಕಾರ್ಯದರ್ಶಿಗಳು ಈ ಸಭೆ ಮುಗಿದ ಮೇಲೆ ಸಿಕ್ಕರೆ ಇವತ್ತೇ ಕೂರೋಣ.