ಮರದೊಳಗಿನ ಸದ್ದು ಕೇಳುವ ಪುಟ್ಟ ಯಂತ್ರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಜನರಿಗೆ ಕಿವಿಯ ಬೆಲೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕುಳಿತ ಕಾಯನ್ನು ಕಿವಿಯ ಬಳಿ ಅಲುಗಿಸುತ್ತೀರಿ. ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎಂದರೆ ಸುಲಿಯುವ ಕಾಲ ಬಂತೆಂದು ತಿಳಿಯುತ್ತೀರಿ. ಕಾಯಿಯ ಮಾತು ಕೇಳುವವರು ಮರದ ಮಾತನ್ನೂ ಕೇಳಬಹುದಲ್ಲವೆ?

ಕೆಂಪು ಮೂತಿ ಹುಳುವಿನ ಕಾಟ ತೋಟವುಳ್ಳವರಿಗೆಲ್ಲ ಗೊತ್ತು. ದುಂಬಿಯು ಮರದ ಗಾಯದಲ್ಲಿ ಮೊಟ್ಟೆಯಿಡುತ್ತದೆ. ಕಾಲಿಲ್ಲದ ಬಿಳಿಯ ಮರಿಹುಳು ಒಳಗೊಳಗೇ ಕಾಂಡವನ್ನು ಕೊರೆದು ತಿನ್ನುತ್ತದೆ. ಕಂದು ರಸ ಸೋರಿ ಸುಳಿ ಬಾಡುವ ಹೊತ್ತಿಗೆ ಬಹುಮಟ್ಟಿಗೆ ಮರ ಕೈಬಿಟ್ಟಂತೆಯೇ. ಆದರೆ ಹುಳು ಮೇಯುವಾಗ ನಾರು ಹರಿಯುವ ಸದ್ದಾಗುತ್ತದೆ. ಅದನ್ನು ಮುಂಚಿತವಾಗಿ ಹಿಡಿಯಲು ಹಲವು ದೇಶಗಳ ಸಂಶೋಧಕರು ಸೂಕ್ಷ್ಮ ಧ್ವನಿಗ್ರಾಹಕಗಳನ್ನು ಬಳಸಿ ನೋಡಿದ್ದಾರೆ.

ಇಂಥ ಪ್ರಯೋಗಕ್ಕೆ ಒದಗುವ ಸಾಧನವೊಂದುಂಟು, ಪ್ಯೂರ್ ಡೇಟಾ. 1980ರ ದಶಕದಲ್ಲಿ ಪ್ಯಾರಿಸ್ಸಿನ ಸಂಗೀತ ಸಂಶೋಧನಾಲಯದಲ್ಲಿ ಮ್ಯಾಕ್ಸ್ ಎಂಬ ತಂತ್ರಾಂಶವನ್ನು ರಚಿಸಿದ ಮಿಲ್ಲರ್ ಪಕೆಟ್ ಅವರೇ 1990ರ ದಶಕದಲ್ಲಿ ಇದನ್ನು ಬರೆದರು. ಹಣ ಕೊಡಬೇಕಾದುದಿಲ್ಲ. ಇಲ್ಲಿ ಸಾಲು ಸಾಲು ಬರೆಯುವ ಗೋಜಿಲ್ಲ. ಪರದೆಯ ಮೇಲೆ ಪೆಟ್ಟಿಗೆಗಳನ್ನು ಇಟ್ಟು ತಂತಿ ಎಳೆದಂತೆ ಗೆರೆ ಎಳೆಯುವುದು, ಅಷ್ಟೆ. ರೇಡಿಯೋದ ಬೆನ್ನು ಬಿಚ್ಚಿ ನೋಡಿದವರಿಗೆ ಇದು ಪರಿಚಿತವೆನಿಸೀತು.

2012ರಲ್ಲಿ ಇಂಗ್ಲೆಂಡಿನಿಂದ ಬಂದ ರಾಸ್ಪ್‌ಬೆರಿ ಪೈ ಅಂಗೈಯಗಲದ ಗಣಕ. ಅದರ ಲಿನಕ್ಸ್ ವ್ಯವಸ್ಥೆಯನ್ನು ಚಿಕ್ಕ ಮೆಮೊರಿ ಕಾರ್ಡಿಗೆ ಬರೆದು ಚಾಲೂ ಮಾಡಿ. ಅಂತರ್ಜಾಲಕ್ಕೆ ಸೇರಿಸಿ, ಆಜ್ಞೆಯ ಕಿಟಕಿಯಲ್ಲಿ 'ಸುಡೊ ಆಪ್ಟ್ ಇನ್‌ಸ್ಟಾಲ್ ಪ್ಯೂರ್‌ಡೇಟಾ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದರೆ ತಂತ್ರಾಂಶ ತಾನೇ ಬಂದು ಕೂರುತ್ತದೆ. ಜನ ಸೋಲುವುದು ಇದರ ಮುಂದೆ. ಈ ಗಣಕಕ್ಕೆ ಧ್ವನಿಯನ್ನು ಒಳಗೆ ತೆಗೆದುಕೊಳ್ಳುವ ಕಿವಿಯೇ ಇಲ್ಲ! ಯು.ಎಸ್.ಬಿ. ಧ್ವನಿಕಾರ್ಡೊಂದನ್ನು ಸಿಕ್ಕಿಸಿ, ಪ್ಯೂರ್ ಡೇಟಾದ ಧ್ವನಿ ವ್ಯವಸ್ಥೆಯ ಪಟ್ಟಿಯಲ್ಲಿ ಅದನ್ನೇ ಆರಿಸಬೇಕು. ಮೊದಲು ಪರೀಕ್ಷಾ ಸ್ವರ ಹೊರಡಿಸಿ ನೋಡಿ. ಸ್ವರ ತುಂಡುತುಂಡಾಗಿ ಬಂದರೆ ವಿಳಂಬದ ಅಂಕಿಯನ್ನು ಹೆಚ್ಚಿಸಿ. ಸಂಗೀತಗಾರನಿಗೆ ವಿಳಂಬ ಶತ್ರು. ಹುಳುವಿಗೆ ಕಾಯುವ ನಮಗೇನು ಅವಸರ?

ಇನ್ನು ಚಿತ್ರ. ಧ್ವನಿ ಒಳಬರುವ ಪೆಟ್ಟಿಗೆ ಒಂದು. ಗಾಳಿ, ಪಂಪಿನ ಗುಂಯ್‌ಗಾಟದಂಥ ತಗ್ಗು ಸದ್ದನ್ನು ತಡೆಯುವ ಸೋಸುವ ಪೆಟ್ಟಿಗೆ ಇನ್ನೊಂದು. ಮಿತಿ ಮೀರಿದ ಪ್ರತಿಯೊಂದು 'ಟಕ್' ಸದ್ದನ್ನು ಎಣಿಸುವುದು ಮತ್ತೊಂದು. ಚಿತ್ರ ಸಿದ್ಧವಾದ ಮೇಲೆ ಪರದೆಯಿಲ್ಲದೆಯೂ ಅದನ್ನು ನಡೆಸಬಹುದು. ನಮ್ಮ ಕಡೆಯ ಕರೆಂಟಿನ ಭರವಸೆ ಮಾತ್ರ ಬೇಡ. ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡು ಕೆಡುವುದುಂಟು. ಬ್ಯಾಟರಿ ಇರಲಿ.

ಸದ್ದು ಹಿಡಿಯಲು ಅಗ್ಗದ ಪೀಜೋ ಬಿಲ್ಲೆ ಸಾಕು, ಆದರೆ ಅದನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿರಿ. ಮೊಳೆ ಹೊಡೆಯಬೇಡಿ, ಗಾಯದ ವಾಸನೆಗೇ ದುಂಬಿ ಬರುತ್ತದೆ. ಗಾಳಿಯಿಲ್ಲದ, ಪಂಪು ನಿಂತ ಹೊತ್ತಿನಲ್ಲಿ ಮೊದಲು ಆರೋಗ್ಯದ ಮರವೊಂದನ್ನು ಕೇಳಿ ಎಣಿಕೆಯನ್ನು ಬರೆದಿಡಿ, ಬಳಿಕ ಅನುಮಾನದ ಮರವನ್ನು. ಯಂತ್ರ ಕೊಡುವುದು ಅನುಮಾನವನ್ನೇ ಹೊರತು ತೀರ್ಪನ್ನಲ್ಲ. ಇರುವೆ, ಗೆದ್ದಲು, ಒಣಗಿದ ಗರಿ ಎಲ್ಲಕ್ಕೂ ಸದ್ದುಂಟು. ಎರಡು ಎಣಿಕೆಗಳಲ್ಲಿ ಬಹಳ ಅಂತರ ಕಂಡರೆ ಕೊಡಲಿ ಎತ್ತುವ ಮುನ್ನ ತೋಟಗಾರಿಕೆ ಇಲಾಖೆಯವರನ್ನು ಕರೆದು ಮರ ತೋರಿಸಿರಿ.